ಬಿನ್ನಹದ ವೀರ: ವೀರಚಂದ ರಾಘವಜಿ ಗಾಂಧಿಯವರ ತೀರ್ಥರಕ್ಷಣೆಯ ಎಂಟು ವರ್ಷಗಳು

1893ರ ಸೆಪ್ಟೆಂಬರ್ 11ರಿಂದ 27ರವರೆಗೆ ಷಿಕಾಗೋ ನಗರದಲ್ಲಿ ನಡೆದ ವಿಶ್ವಧರ್ಮ ಸಮ್ಮೇಳನವೆಂದೊಡನೆ ಭಾರತೀಯರ ಮನಸ್ಸಿನಲ್ಲಿ ಮೂಡುವುದು ಸ್ವಾಮಿ ವಿವೇಕಾನಂದರ ಚಿತ್ರ. ಅದು ಸಹಜವೂ ಉಚಿತವೂ ಆಗಿದೆ. ಅದೇ ವೇದಿಕೆಯಲ್ಲಿ ಜೈನಧರ್ಮದ ಪ್ರತಿನಿಧಿಯಾಗಿ, ತಲೆಗೆ ಕಾಠಿಯಾವಾಡದ ಪೇಟ ಸುತ್ತಿ ನಿಂತಿದ್ದ 29 ವರ್ಷದ ಗೃಹಸ್ಥರೊಬ್ಬರಿದ್ದರು. ಅವರೇ ವೀರಚಂದ ರಾಘವಜಿ ಗಾಂಧಿ. ಜೈನ ಸಮಾಜವು ಅವರನ್ನು ನೆನೆಯುವುದೂ ಬಹುತೇಕ ಈ ಹದಿನೇಳು ದಿನಗಳ ಕಾರಣದಿಂದಲೇ. ಷಿಕಾಗೋದ ಜೈನಮಂದಿರದಲ್ಲಿ ಅವರ ಪ್ರತಿಮೆಯಿದೆ. ಅವರ ಕುರಿತ ಲೇಖನಗಳೆಲ್ಲ ಸಮುದ್ರಯಾನದಿಂದಲೇ ಆರಂಭವಾಗುತ್ತವೆ.

ಆದರೆ ವೀರಚಂದರ ಬಾಳಿನ ತಿರುಳು ಷಿಕಾಗೋದಲ್ಲಿಲ್ಲ. ಅದಕ್ಕೆ ಹಿಂದಿನ ಎಂಟು ವರ್ಷಗಳಲ್ಲಿ, 1885ರಿಂದ 1893ರವರೆಗೆ, ಅವರು ಕಚೇರಿಗಳ ಮೆಟ್ಟಿಲು ಹತ್ತಿಳಿದು, ಅರ್ಜಿ ಬರೆದು, ಹಳೆಯ ಪತ್ರಗಳನ್ನು ಓದಿ, ತಮಗೆ ತಿಳಿಯದ ಭಾಷೆಯೊಂದನ್ನು ಅಕ್ಷರದಿಂದ ಕಲಿತು ಮಾಡಿದ ಕೆಲಸದಲ್ಲಿದೆ. ಅದರಲ್ಲಿ ಚಪ್ಪಾಳೆಯಿಲ್ಲ, ಪತ್ರಿಕೆಗಳ ಪ್ರಶಂಸೆಯಿಲ್ಲ. ದಿನನಿತ್ಯದ ಸಾಮಾನ್ಯ ದುಡಿಮೆಯಲ್ಲಿ ಅಡಗಿರುವ ವೀರತ್ವವನ್ನು ಗುರುತಿಸಬೇಕಾದರೆ ಆ ಎಂಟು ವರ್ಷಗಳತ್ತಲೇ ಕಣ್ಣು ಹಾಯಿಸಬೇಕು.

ಮಹುವಾದಿಂದ ಮುಂಬಯಿಗೆ

ಸೌರಾಷ್ಟ್ರದ ಕಡಲಂಚಿನಲ್ಲಿರುವ ಮಹುವಾ ಅಂದಿನ ಭಾವನಗರ ಸಂಸ್ಥಾನಕ್ಕೆ ಸೇರಿದ ಊರು. ಅಲ್ಲಿನ ವ್ಯಾಪಾರಿ ರಾಘವಜಿ ತೇಜಪಾಲ ಗಾಂಧಿಯವರ ಮಗನಾಗಿ ವೀರಚಂದರು 1864ರ ಆಗಸ್ಟ್ 25ರಂದು ಜನಿಸಿದರು. ಮನೆತನ ಶ್ವೇತಾಂಬರ ಮೂರ್ತಿಪೂಜಕ ಪರಂಪರೆಯದು. ಊರಿನಲ್ಲಿ ಆರಂಭದ ಶಿಕ್ಷಣ, ಭಾವನಗರದಲ್ಲಿ ಪ್ರೌಢಶಾಲೆ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಉನ್ನತ ವ್ಯಾಸಂಗ. 1884ರಲ್ಲಿ ಅವರು ಬಿ.ಎ. ಪದವಿ ಪಡೆದಾಗ ಜೈನ ಸಮಾಜದ ಮೊದಲ ತಲೆಮಾರಿನ ಪದವೀಧರರಲ್ಲಿ ಒಬ್ಬರಾದರು.

ಪದವಿಯ ಬೆಲೆ ಏನೆಂಬುದನ್ನು ಅಂದಿನ ಸಂದರ್ಭದಲ್ಲಿಟ್ಟು ನೋಡಬೇಕು. ಪಶ್ಚಿಮ ಭಾರತದ ಜೈನ ಸಮಾಜದಲ್ಲಿ ಧನಿಕರು ಬಹಳ ಮಂದಿ ಇದ್ದರು. ನಗರಶೇಠರಿದ್ದರು, ಗಿರಣಿಗಳ ಒಡೆಯರಿದ್ದರು, ಶಾಸ್ತ್ರನಿಷ್ಣಾತ ಮುನಿಗಳಿದ್ದರು. ಆದರೆ ರಾಜ್ಯಾಡಳಿತದ ಭಾಷೆ ಬದಲಾಗಿತ್ತು. ಮೊಗಲರ ಕಾಲದಲ್ಲಿ ಫರ್ಮಾನುಗಳಿಂದ ನಡೆಯುತ್ತಿದ್ದ ವ್ಯವಹಾರ ಈಗ ಪೊಲಿಟಿಕಲ್ ಏಜೆಂಟರ ಕಚೇರಿಯ ಇಂಗ್ಲಿಷ್ ಟಿಪ್ಪಣಿಗಳಿಂದ, ಹೈಕೋರ್ಟಿನ ತೀರ್ಪುಗಳಿಂದ ನಡೆಯುತ್ತಿತ್ತು. ಸಂಪತ್ತಿಗೂ ಶಾಸನಕ್ಕೂ ನಡುವೆ ನಿಂತು ಮಾತನಾಡಬಲ್ಲವರು ಸಮಾಜಕ್ಕೆ ಬೇಕಾಗಿದ್ದರು. 1885ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ವೀರಚಂದರು ಮುಂಬಯಿಯ ಜೈನ ಅಸೋಸಿಯೇಷನ್ ಆಫ್ ಇಂಡಿಯಾದ ಗೌರವ ಕಾರ್ಯದರ್ಶಿಯಾದರು. ಗೌರವ ಕಾರ್ಯದರ್ಶಿ ಎಂಬ ಮಾತಿಗೆ ವ್ಯವಹಾರದಲ್ಲಿದ್ದ ಅರ್ಥ ಇಷ್ಟೆ: ಸಂಬಳವಿಲ್ಲ, ಬರೆಯುವ ಕೆಲಸವೆಲ್ಲ ಅವರದೇ.

ಅವರ ಸ್ವಭಾವದ ಇನ್ನೊಂದು ಮುಖವೂ ಇದೇ ಕಾಲದಲ್ಲಿ ಕಾಣಿಸಿಕೊಂಡಿತು. ಸತ್ತವರ ಮನೆಯಲ್ಲಿ ಹೆಂಗಸರು ಗುಂಪುಗೂಡಿ ಎದೆ ಬಡಿದುಕೊಂಡು ಅಳುವ ಪದ್ಧತಿ ಗುಜರಾತಿನಲ್ಲಿ ಆಳವಾಗಿ ಬೇರೂರಿತ್ತು. ಆ ರೂಢಿಯ ಹಾನಿಯನ್ನು ಕುರಿತು 1886ರಲ್ಲಿ ವೀರಚಂದರು ಗುಜರಾತಿಯಲ್ಲಿ ಪ್ರಬಂಧವೊಂದನ್ನು ಬರೆದರು. ಕರ್ಮಸಿದ್ಧಾಂತವನ್ನು ನಂಬುವ ಧರ್ಮದಲ್ಲಿ, ಆರ್ತಧ್ಯಾನವನ್ನು ಅಶುಭವೆಂದು ಹೇಳುವ ಧರ್ಮದಲ್ಲಿ, ಶೋಕವನ್ನು ಪ್ರದರ್ಶನವಾಗಿ ಮಾಡುವ ಆಚಾರಕ್ಕೆ ಎಡೆ ಎಲ್ಲಿಯದು? ನಾಲ್ಕು ವರ್ಷಗಳ ತರುವಾಯ, 1890ರಲ್ಲಿ, ಅವರ ತಂದೆಯೇ ತೀರಿಕೊಂಡರು. ಅಂದು ತಮ್ಮ ಮನೆಯಲ್ಲಿ ಆ ಪದ್ಧತಿ ನಡೆಯದಂತೆ ಅವರು ನೋಡಿಕೊಂಡರು. ಸುಧಾರಣೆಯನ್ನು ಲೇಖನದಲ್ಲಿ ಹೇಳುವುದು ಸುಲಭ. ಹೆತ್ತವರು ತೀರಿಕೊಂಡ ದಿನ ನೆಂಟರಿಷ್ಟರೆದುರು ಅದನ್ನು ನಡೆಸುವುದು ಕಷ್ಟ.

ಶತ್ರುಂಜಯದ ತಲೆಗಂದಾಯ

ವೀರಚಂದರು ಕಾರ್ಯದರ್ಶಿಯಾದ ಗಳಿಗೆಯಲ್ಲಿ ಅಸೋಸಿಯೇಷನ್ನಿನ ಮುಂದಿದ್ದ ದೊಡ್ಡ ಸಂಕಟ ಪಾಲಿತಾಣಾದ್ದು. ಪಾಲಿತಾಣಾ ಊರಿನ ಪಕ್ಕದಲ್ಲಿಯೇ ಶತ್ರುಂಜಯ ಬೆಟ್ಟ. ಮೂರೂವರೆ ಸಾವಿರಕ್ಕೂ ಮೀರಿದ ಮೆಟ್ಟಿಲುಗಳನ್ನು ಏರಿದರೆ ಶಿಖರದಲ್ಲಿ ಆದಿನಾಥನ ದೇವಾಲಯವೂ ಅದನ್ನು ಸುತ್ತುವರಿದ ನೂರಾರು ಜಿನಾಲಯಗಳೂ ಕಾಣುತ್ತವೆ. ಶ್ವೇತಾಂಬರರಿಗೆ ಇದು ತೀರ್ಥಗಳಲ್ಲೆಲ್ಲ ಶ್ರೇಷ್ಠವಾದುದು. ದಿಗಂಬರ ಪರಂಪರೆಯಲ್ಲಿಯೂ ಮೂವರು ಪಾಂಡವರು ಮುಕ್ತಿ ಪಡೆದ ಸಿದ್ಧಕ್ಷೇತ್ರವೆಂದು ಇದಕ್ಕೆ ಮನ್ನಣೆಯಿದೆ.

ಬೆಟ್ಟ ಜೈನರದು, ಸುತ್ತಲಿನ ಸೀಮೆ ಗೋಹಿಲ ರಜಪೂತರದು. ಈ ಎರಡರ ಸಂಬಂಧವನ್ನು ನಿಯಂತ್ರಿಸಿದ್ದು ‘ರಖೋಪಾ’ ಎಂಬ ವ್ಯವಸ್ಥೆ. ಯಾತ್ರಿಕರನ್ನು ಕಳ್ಳಕಾಕರಿಂದ ಕಾಯುವುದಕ್ಕಾಗಿ ಅಲ್ಲಿನ ಒಡೆಯರಿಗೆ ಸಲ್ಲುವ ಕಾವಲು ಹಣವೇ ರಖೋಪಾ. 17ನೆಯ ಶತಮಾನದ ಮಧ್ಯಭಾಗದಲ್ಲಿ ಗೋಹಿಲರಿಗೂ ಅಹಮದಾಬಾದಿನ ನಗರಶೇಠ ಶಾಂತಿದಾಸ ಝವೇರಿಯವರಿಗೂ ಆದ ಒಪ್ಪಂದದಲ್ಲಿ ಇದರ ಬೇರು ಕಾಣುತ್ತದೆ. ಬ್ರಿಟಿಷರು ಕಾಠಿಯಾವಾಡದಲ್ಲಿ ಮಧ್ಯಸ್ಥರಾಗಿ ನಿಂತ ಮೇಲೆ 1821ರಲ್ಲಿ ಈ ಮೊತ್ತ ವರ್ಷಕ್ಕೆ 4,500 ರೂಪಾಯಿ ಎಂದು ಗೊತ್ತಾಯಿತು. 1863ರಲ್ಲಿ ಮೇಜರ್ ಕೀಟಿಂಗ್ ನೀಡಿದ ತೀರ್ಮಾನದಲ್ಲಿ 10,000 ರೂಪಾಯಿಗೆ ಏರಿತು. ಮುಂದೆ 1880ರ ದಶಕದಲ್ಲಿ ದರಬಾರು ಇಡುಗಂಟನ್ನು ಬಿಟ್ಟು, ಬೆಟ್ಟವೇರುವ ಪ್ರತಿಯೊಬ್ಬ ಯಾತ್ರಿಕನ ಮೇಲೆ ತಲೆಗೆ 2 ರೂಪಾಯಿ ಕಂದಾಯ ಹೇರಿತು.

ಇದನ್ನು ಹಣದ ತಕರಾರೆಂದಷ್ಟೇ ಓದಿದರೆ ವಿಷಯದ ಹೃದಯ ತಪ್ಪಿಹೋಗುತ್ತದೆ. ಅಂದಿನ ದಿನಗಳಲ್ಲಿ 2 ರೂಪಾಯಿ ಬಡ ಶ್ರಾವಕನಿಗೆ ಸಣ್ಣ ಮೊತ್ತವಾಗಿರಲಿಲ್ಲ ಎಂಬುದು ನಿಜ. ಅದಕ್ಕಿಂತಲೂ ಮುಖ್ಯವಾದುದು ಎಣಿಕೆ. ತಲೆಗಂದಾಯ ವಸೂಲಾಗಬೇಕಾದರೆ ತಲೆಗಳನ್ನು ಎಣಿಸಬೇಕು. ಎಣಿಸಬೇಕಾದರೆ ದಾರಿಯಲ್ಲಿ ತಡೆಯಬೇಕು. ತಡೆದವನ ಕೈಯಲ್ಲಿ ಯಾತ್ರಿಕನ ಮಾನವೂ ಸಿಕ್ಕಿಕೊಳ್ಳುತ್ತದೆ. ಉಪವಾಸದಲ್ಲಿರುವ ಮುದುಕಿ, ಕೈಯಲ್ಲಿ ಕಾಸು ಮುಟ್ಟದ ಸಾಧು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿ, ಎಲ್ಲರೂ ದರಬಾರಿನ ಸಿಪಾಯಿಯ ಎದುರು ನಿಂತು ಲೆಕ್ಕ ಒಪ್ಪಿಸಬೇಕು. ಇಡುಗಂಟಿನ ರಖೋಪಾದಲ್ಲಿ ಸಮಾಜವು ಒಡೆಯನೊಡನೆ ವ್ಯವಹರಿಸುತ್ತದೆ. ಯಾತ್ರಿಕನು ಬೆಟ್ಟದೊಡನೆ ಮಾತ್ರ ವ್ಯವಹರಿಸುತ್ತಾನೆ. ತಲೆಗಂದಾಯದಲ್ಲಿ ಭಕ್ತನಿಗೂ ದೇವರಿಗೂ ನಡುವೆ ಸುಂಕದ ಕಟ್ಟೆ ಬಂದು ಕೂರುತ್ತದೆ.

ಆನಂದಜಿ ಕಲ್ಯಾಣಜಿ ಪೇಢಿ ಎಂಬ ಅಹಮದಾಬಾದಿನ ಸಂಸ್ಥೆ ಶತ್ರುಂಜಯದ ಆಡಳಿತವನ್ನು ನೋಡಿಕೊಳ್ಳುತ್ತಿತ್ತು. ಆ ಹಿರಿಯರ ಪರವಾಗಿ, ಮುಂಬಯಿಯ ಅಸೋಸಿಯೇಷನ್ನಿನ ಹೆಸರಿನಲ್ಲಿ, ಮಾತುಕತೆಯ ಭಾರ ಹೊತ್ತವರಲ್ಲಿ ವೀರಚಂದರು ಪ್ರಮುಖರು. ಮುಂಬಯಿಯ ಗವರ್ನರ್ ಲಾರ್ಡ್ ರೇ ಅವರನ್ನೂ ಕಾಠಿಯಾವಾಡದ ಪೊಲಿಟಿಕಲ್ ಏಜೆಂಟ್ ಕರ್ನಲ್ ವಾಟ್ಸನ್ ಅವರನ್ನೂ ಮತ್ತೆ ಮತ್ತೆ ಕಂಡು, ಹಿಂದಿನ ಒಪ್ಪಂದಗಳ ಆಧಾರದ ಮೇಲೆ ವಾದ ಮಂಡಿಸಿದರು. 1886ರಲ್ಲಿ ತೀರ್ಮಾನವಾಯಿತು: ತಲೆಗಂದಾಯ ರದ್ದು, ಅದರ ಬದಲಿಗೆ ವರ್ಷಕ್ಕೆ 15,000 ರೂಪಾಯಿ ಇಡುಗಂಟು, ಒಪ್ಪಂದದ ಅವಧಿ 40 ವರ್ಷ.

ಮೊತ್ತವನ್ನಷ್ಟೇ ನೋಡಿದರೆ ಇದು ಗೆಲುವೆನಿಸದು. ಹಿಂದಿನ 10,000ಕ್ಕಿಂತ 5,000 ರೂಪಾಯಿ ಹೆಚ್ಚು ತೆರಲು ಜೈನರು ಒಪ್ಪಿದ್ದರು. ಆದರೆ ಅವರು ಕೊಂಡದ್ದು ಎಣಿಕೆಯಿಲ್ಲದ ನಲವತ್ತು ವರ್ಷಗಳನ್ನು. ಯುವಕನೊಬ್ಬನಿಗೆ ‘ಒಂದು ಕಾಸೂ ಕೊಡೆವು’ ಎಂದು ಗುಡುಗುವುದು ಆಕರ್ಷಕವಾಗಿ ತೋರಬಹುದಿತ್ತು. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಕ ಇಪ್ಪತ್ತೆರಡರ ಹರೆಯದಲ್ಲಿ ಅಪರೂಪ.

ಬುಕ್ಕರಾಯನ ಶಾಸನದ ನೆನಪು

ಕನ್ನಡದ ಶಾಸನಗಳನ್ನು ಬಲ್ಲವರಿಗೆ ಈ ಪ್ರಸಂಗವು ಶ್ರವಣಬೆಳಗೊಳದ 1368ರ ಶಾಸನವನ್ನು ನೆನಪಿಗೆ ತರದೆ ಇರದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ನಾಡುಗಳ ಭವ್ಯಜನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಸ್ಥಿರಪಡಿಸಿದನು. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ತೆರಬೇಕೆಂದೂ, ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣಗೊಂಡ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಗೊತ್ತುಮಾಡಲಾಯಿತು.

ಎರಡು ಪ್ರಸಂಗಗಳ ನಡುವೆ ಐದು ಶತಮಾನಗಳ ಅಂತರವಿದೆ; ಸೀಮೆ ಬೇರೆ, ಸಂಪ್ರದಾಯ ಬೇರೆ, ಅರಸೊತ್ತಿಗೆಯ ಸ್ವರೂಪವೂ ಬೇರೆ. ಆದರೂ ವಿಧಾನ ಒಂದೇ. ಅಲ್ಪಸಂಖ್ಯಾತ ಸಮಾಜವು ಕತ್ತಿ ಹಿರಿಯದೆ, ಊರು ಬಿಡದೆ, ಅಧಿಕಾರದ ಮುಂದೆ ಬಿನ್ನಹವಿಟ್ಟು, ಕಾವಲಿಗೆ ತಕ್ಕ ಹಣವನ್ನು ತೆತ್ತು, ಅದಕ್ಕೆ ಪ್ರತಿಯಾಗಿ ತನ್ನ ಆಚರಣೆಯ ಸ್ವಾತಂತ್ರ್ಯವನ್ನು ಬರೆಹದಲ್ಲಿ ಪಡೆದುಕೊಳ್ಳುತ್ತದೆ. ಬರೆಹಕ್ಕೆ ಇಲ್ಲಿ ಪ್ರಾಣದಷ್ಟು ಬೆಲೆ. ವಿಜಯನಗರದ ಕಾಲದಲ್ಲಿ ಅದು ಕಲ್ಲಿನ ಮೇಲಿತ್ತು. ವೀರಚಂದರ ಕಾಲದಲ್ಲಿ ಮೊಹರೊತ್ತಿದ ಕಾಗದದ ಮೇಲೆ. 1368ರ ಬಿನ್ನಹದ ಹಿಂದೆಯೂ ಅದನ್ನು ರಚಿಸಿದ, ನಾಡುನಾಡಿನ ಜನರನ್ನು ಒಂದುಗೂಡಿಸಿದ ಕೈಗಳು ಇದ್ದಿರಲೇಬೇಕು. ಅವರಲ್ಲಿ ಬುಕ್ಕರಾಯನಿಗೆ ಬಿನ್ನಹ ಮಾಡಿದ ಕಲ್ಲೇಹದ ಬುಸುವಿಸೆಟ್ಟಿಯ ಹೆಸರನ್ನು ಆ ಶಾಸನ ಉಳಿಸಿದೆ. 1886ರ ಬಿನ್ನಹದ ವಿಷಯದಲ್ಲಿಯೂ ಹೆಸರೊಂದು ಉಳಿದಿದೆ ಎಂಬುದು ಚರಿತ್ರೆಕಾರನ ಭಾಗ್ಯ.

ಸಮ್ಮೇದಗಿರಿ ಮತ್ತು ಬಂಗಾಳಿ ಅಕ್ಷರಮಾಲೆ

ಪಾಲಿತಾಣಾದ ಕೆಲಸ ತಮ್ಮ ಸೀಮೆಯಲ್ಲಿ, ತಮ್ಮ ಭಾಷೆಯಲ್ಲಿ ನಡೆದುದು. ಎರಡನೆಯ ಕೆಲಸ ಅದಕ್ಕಿಂತ ಕಠಿಣವಾಗಿತ್ತು. ಇಂದಿನ ಝಾರ್ಖಂಡ್ ರಾಜ್ಯದಲ್ಲಿರುವ, ಆಗ ಬಂಗಾಳ ಪ್ರಾಂತದ ಹಜಾರಿಬಾಗ್ ಜಿಲ್ಲೆಗೆ ಸೇರಿದ್ದ, ಸುಮಾರು 1,365 ಮೀಟರ್ ಎತ್ತರದ ಪಾರಸನಾಥ ಬೆಟ್ಟವೇ ಜೈನರ ಸಮ್ಮೇದಗಿರಿ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಗಿರಿ ಅಪರಿಚಿತವಲ್ಲ. ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಆದಿನಾಥನು ಕೈಲಾಸದಲ್ಲಿ, ವಾಸುಪೂಜ್ಯನು ಚಂಪಾಪುರಿಯಲ್ಲಿ, ನೇಮಿನಾಥನು ಊರ್ಜಯಂತದಲ್ಲಿ, ಮಹಾವೀರನು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದರೆ, ಉಳಿದ ಇಪ್ಪತ್ತು ಮಂದಿಯ ನಿರ್ವಾಣಭೂಮಿ ಸಮ್ಮೇದಗಿರಿಯೇ. ರನ್ನನ ‘ಅಜಿತಪುರಾಣ’ದ ಅಜಿತನಾಥ, ಪೊನ್ನನ ‘ಶಾಂತಿಪುರಾಣ’ದ ಶಾಂತಿನಾಥ, ನಾಗಚಂದ್ರನ ‘ಮಲ್ಲಿನಾಥಪುರಾಣ’ದ ಮಲ್ಲಿನಾಥ, ಜನ್ನನ ‘ಅನಂತನಾಥಪುರಾಣ’ದ ಅನಂತನಾಥ, ಇವರೆಲ್ಲರ ಕೊನೆಯ ನೆಲೆ ಅದೇ. ಕನ್ನಡ ಕವಿಗಳು ಕಣ್ಣಿಂದ ಕಾಣದಿದ್ದರೂ ಕಾವ್ಯದ ಕೊನೆಯ ಆಶ್ವಾಸದಲ್ಲಿ ಮತ್ತೆ ಮತ್ತೆ ಏರಬೇಕಾಗಿದ್ದ ಬೆಟ್ಟವದು. ಬಹುಪಾಲು ದಿಗಂಬರರಾದ ಕರ್ನಾಟಕದ ಜೈನರಿಗೂ ಬಾಳಿನಲ್ಲೊಮ್ಮೆಯಾದರೂ ಶಿಖರಜಿಯ ವಂದನೆ ಮಾಡಬೇಕೆಂಬುದು ಇಂದಿಗೂ ಇರುವ ಹಂಬಲ.

ಬೆಟ್ಟದ ಸುತ್ತಲಿನ ಸೀಮೆ ಪಾಲ್ಗಂಜ್ ರಾಜರ ಜಮೀನ್ದಾರಿಗೆ ಸೇರಿತ್ತು. ಅಲ್ಲಿ ಭೂಮಿ ಪಡೆದಿದ್ದ ಬೊಡ್ಡಮ್ ಎಂಬ ಆಂಗ್ಲರು ಹಂದಿಗಳನ್ನು ಕೊಂದು ಕೊಬ್ಬು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದರು. ತೀರ್ಥಂಕರರ ಪಾದುಕೆಗಳಿರುವ ಬೆಟ್ಟದ ಮೇಲೆ, ಬರಿಗಾಲಿನಲ್ಲಿ ನಡೆದು, ನೀರನ್ನೂ ಸೋಸಿ ಕುಡಿಯುವ ಜನರ ಕ್ಷೇತ್ರದಲ್ಲಿ ವಧಾಗಾರ! ಜೈನರು ನ್ಯಾಯಾಲಯಕ್ಕೆ ಹೋದರು. ಕೆಳಹಂತದಲ್ಲಿ ಅವರ ವಾದ ನಿಲ್ಲಲಿಲ್ಲ. ವ್ಯಾಜ್ಯ ಕಲ್ಕತ್ತೆಯ ಹೈಕೋರ್ಟಿಗೆ ಏರಿತು.

ನ್ಯಾಯಾಲಯದಲ್ಲಿ ಭಕ್ತಿಗೆ ಸಾಕ್ಷ್ಯದ ಬೆಲೆಯಿಲ್ಲ. ‘ಇಪ್ಪತ್ತು ತೀರ್ಥಂಕರರು ಇಲ್ಲಿ ಮುಕ್ತರಾದರು’ ಎಂಬುದು ಶ್ರಾವಕನಿಗೆ ಪರಮಸತ್ಯ. ನ್ಯಾಯಾಧೀಶರಿಗೆ ಅದು ಒಂದು ನಂಬಿಕೆ ಮಾತ್ರ. ಬೆಟ್ಟದ ಮೇಲೆ ಜೈನರಿಗೆ ಎಂತಹ ಹಕ್ಕಿದೆ, ಜಮೀನ್ದಾರನು ಯಾವುದನ್ನು ಗುತ್ತಿಗೆಗೆ ಕೊಡಬಲ್ಲ, ಯಾವುದನ್ನು ಕೊಡಲಾರ ಎಂಬುದು ಹಳೆಯ ಪತ್ರಗಳಿಂದ ಸಿದ್ಧವಾಗಬೇಕು. ಆ ಪತ್ರಗಳು ಬಂಗಾಳಿಯಲ್ಲಿದ್ದುವು. ಗುಜರಾತಿ, ಇಂಗ್ಲಿಷ್, ಸಂಸ್ಕೃತ ಬಲ್ಲ ವೀರಚಂದರಿಗೆ ಬಂಗಾಳಿ ಬರುತ್ತಿರಲಿಲ್ಲ.

ಇಲ್ಲಿ ಅವರು ಆರಿಸಿಕೊಂಡ ದಾರಿಯೇ ಅವರ ವ್ಯಕ್ತಿತ್ವದ ಕೀಲಿಕೈ. ದುಭಾಷಿಯನ್ನು ನೇಮಿಸಿಕೊಳ್ಳುವಷ್ಟು ಹಣ ಸಮಾಜದಲ್ಲಿತ್ತು. ಅವರು ಕಲ್ಕತ್ತೆಗೆ ಹೋಗಿ, ತಿಂಗಳುಗಟ್ಟಲೆ ಅಲ್ಲಿಯೇ ನೆಲೆಸಿ, ಬಂಗಾಳಿಯನ್ನು ಕಲಿತರು. ಕಲಿತು ದಾಖಲೆಗಳನ್ನು ತಾವೇ ಓದಿ ಅನುವಾದಿಸಿದರು. ಹಕ್ಕುಪತ್ರದ ಒಂದು ಪದದ ಅರ್ಥವ್ಯಾಪ್ತಿಯ ಮೇಲೆ ವ್ಯಾಜ್ಯವೇ ನಿಲ್ಲಬಹುದು, ಬೀಳಬಹುದು. ಹಸ್ತಪ್ರತಿಗಳೊಡನೆ ಒಡನಾಡಿದವರಿಗೆಲ್ಲ ಇದು ತಿಳಿದ ಸಂಗತಿ. ಗ್ರಂಥಸಂಪಾದಕನು ಪಾಠಾಂತರದ ಮುಂದೆ ಕುಳಿತುಕೊಳ್ಳುವ ತಾಳ್ಮೆಯಿಂದ ಅವರು ದಸ್ತಾವೇಜುಗಳ ಮುಂದೆ ಕುಳಿತರು. ಕೊನೆಗೆ ತೀರ್ಪು ಜೈನರ ಪರವಾಗಿ ಬಂದಿತು, ಕಾರ್ಖಾನೆ ಮುಚ್ಚಿತು.

ಈ ಕಥೆಗೆ ಕಹಿಯಾದ ಉತ್ತರಭಾಗವೊಂದುಂಟು. ಹೊರಗಿನವನಿಂದ ಬೆಟ್ಟವನ್ನು ಉಳಿಸಿಕೊಂಡ ಸಮಾಜವು ಮುಂದೆ ಅದೇ ಬೆಟ್ಟದ ಹಕ್ಕಿಗಾಗಿ ತನ್ನೊಳಗೇ ಸೆಣಸಿತು. ಶ್ವೇತಾಂಬರ ದಿಗಂಬರರ ನಡುವಣ ವ್ಯಾಜ್ಯಗಳು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋದುವು. ವೀರಚಂದರು ದಾಖಲೆ ಓದಿದ್ದು ತೀರ್ಥಕ್ಕಾಗಿ. ಮುಂದಿನವರು ದಾಖಲೆ ಓದಿದ್ದು ಒಬ್ಬರನ್ನೊಬ್ಬರು ಹೊರಗಿಡುವುದಕ್ಕಾಗಿ. ಬಿನ್ನಹವೆಂಬ ಸಾಧನವು ಹಿಡಿದ ಕೈಯ ಉದ್ದೇಶವನ್ನು ಮೀರಿ ಪಾವನವಾಗಿರಲಾರದು.

ಇನ್ನೊಬ್ಬ ಗಾಂಧಿಯ ಗೆಳೆತನ

ಈ ಓಡಾಟದ ನಡುವೆ ಸ್ವಂತ ಜೀವನೋಪಾಯದ ಪ್ರಶ್ನೆಯೂ ಇತ್ತು. ವೀರಚಂದರು ಮುಂಬಯಿಯಲ್ಲಿ ಸಾಲಿಸಿಟರ್ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ದಿನಗಳಲ್ಲಿ ಅವರ ಒಡನಾಟಕ್ಕೆ ಬಂದವರು ಇಂಗ್ಲೆಂಡಿನಿಂದ ಆಗತಾನೆ ಬ್ಯಾರಿಸ್ಟರಾಗಿ ಮರಳಿದ್ದ ಮೋಹನದಾಸ ಕರಮಚಂದ ಗಾಂಧಿ. ಇಬ್ಬರೂ ಕಾಠಿಯಾವಾಡದವರು, ಒಂದೇ ಅಡ್ಡಹೆಸರಿನವರು, ರಕ್ತಸಂಬಂಧವಿಲ್ಲ. ಆಹಾರದ ಪ್ರಯೋಗಗಳಲ್ಲಿ ವೀರಚಂದರು ತಮ್ಮ ಜೊತೆಗಾರರಾಗಿದ್ದುದನ್ನು ಮಹಾತ್ಮರು ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಫಿರೋಜ್‌ಷಾ ಮೆಹ್ತಾ ಅವರ ಶಕ್ತಿ ಕಾನೂನಿನ ಆಳವಾದ ಜ್ಞಾನದಲ್ಲಿದೆ, ಬದ್ರುದ್ದೀನ್ ತೈಯಬ್ಜಿಯವರ ಶಕ್ತಿ ವಾದದ ಪ್ರಭಾವದಲ್ಲಿದೆ ಎಂದು ವೀರಚಂದರು ವಿವರಿಸುತ್ತಿದ್ದರಂತೆ. ಬ್ಯಾರಿಸ್ಟರನಾದವನು ಐದೋ ಏಳೋ ವರ್ಷ ಗಳಿಕೆಯಿಲ್ಲದೆ ಕಾಯುವುದು ಅಸಹಜವಲ್ಲವೆಂದೂ ಹೇಳುತ್ತಿದ್ದರಂತೆ. ಮೊದಲ ಮೊಕದ್ದಮೆಯಲ್ಲಿಯೇ ಬಾಯಿ ಕಟ್ಟಿ ಕುಳಿತ ತರುಣ ಬ್ಯಾರಿಸ್ಟರನಿಗೂ, ಆ ಹೊತ್ತಿಗಾಗಲೇ ಗವರ್ನರರ ಮುಂದೆ ವಾದಿಸಿ ಬಂದಿದ್ದ ಈ ಗೆಳೆಯನಿಗೂ ಇದ್ದ ಅಂತರ ಕುತೂಹಲಕಾರಿ. ದಕ್ಷಿಣ ಆಫ್ರಿಕದಲ್ಲಿ ಅರ್ಜಿಯನ್ನು ಹೋರಾಟದ ಮೊದಲ ಮೆಟ್ಟಿಲಾಗಿ ಮಾಡಿಕೊಂಡ ಮಹಾತ್ಮರು ವೀರಚಂದರಿಂದ ಅದನ್ನು ಕಲಿತರೆಂದು ಹೇಳಲು ಆಧಾರವಿಲ್ಲ. ಒಂದೇ ಕಾಲದ, ಒಂದೇ ಸೀಮೆಯ ಇಬ್ಬರು ತರುಣರಿಗೆ ಒಂದೇ ಉಪಕರಣ ಕೈಗೆ ಸಿಕ್ಕಿತೆಂದಷ್ಟೇ ಹೇಳಬಹುದು.

ಸಮುದ್ರದಾಚೆ

ಷಿಕಾಗೋ ಸಮ್ಮೇಳನದ ಆಹ್ವಾನ ಬಂದುದು ವೀರಚಂದರಿಗಲ್ಲ. ಆತ್ಮಾರಾಮಜಿ ಎಂದು ಪ್ರಸಿದ್ಧರಾದ ಆಚಾರ್ಯ ವಿಜಯಾನಂದಸೂರಿಗಳಿಗೆ. ಜೈನಮುನಿಗಳು ವಾಹನವೇರುವಂತಿಲ್ಲ, ಕಡಲು ದಾಟುವಂತಿಲ್ಲ. ತಮ್ಮ ಪರವಾಗಿ ಯಾರನ್ನು ಕಳುಹಿಸಬೇಕೆಂಬ ಪ್ರಶ್ನೆ ಬಂದಾಗ ಆಚಾರ್ಯರು ಆರಿಸಿದ್ದು ಪಂಡಿತರನ್ನಲ್ಲ, ಈ ಕಾರ್ಯದರ್ಶಿಯನ್ನು. ತಿಂಗಳುಗಳ ಕಾಲ ಶಾಸ್ತ್ರದ ಪಾಠ ಹೇಳಿ ಕಳುಹಿಸಿದರು. ಆ ಆಯ್ಕೆಯ ಹಿಂದೆ ಎಂಟು ವರ್ಷಗಳ ಪರೀಕ್ಷೆಯಿತ್ತು. ಪರಭಾಷೆಯಲ್ಲಿ, ಪರರ ತರ್ಕದ ಚೌಕಟ್ಟಿನಲ್ಲಿ, ತನ್ನ ಜನರ ಮಾತನ್ನು ಕೆಡದಂತೆ ಹೇಳುವ ವಿದ್ಯೆಯನ್ನು ವೀರಚಂದರು ಕಚೇರಿಗಳಲ್ಲಿ ಕಲಿತಿದ್ದರು.

ಆ ವಿದ್ಯೆ ಸಮ್ಮೇಳನದಲ್ಲಿ ಪ್ರಕಟವಾದುದು ಒಂದು ಅನಿರೀಕ್ಷಿತ ಸಂದರ್ಭದಲ್ಲಿ. ಪೆಂಟೆಕಾಸ್ಟ್ ಎಂಬ ಪಾದ್ರಿಗಳು ದಕ್ಷಿಣ ಭಾರತದ ದೇವಾಲಯಗಳ ದೇವದಾಸಿ ಪದ್ಧತಿಯನ್ನು ಮುಂದಿಟ್ಟು ಹಿಂದೂಧರ್ಮವನ್ನೇ ಹೀಯಾಳಿಸಿದರು. ಜೈನಧರ್ಮದ ಮೇಲೆ ಅವರು ಕೈಯೆತ್ತಿರಲಿಲ್ಲ. ಜೈನ ಪ್ರತಿನಿಧಿ ಸುಮ್ಮನಿರಬಹುದಿತ್ತು. ವೀರಚಂದರು ಎದ್ದು ನಿಂತು ಉತ್ತರಿಸಿದರು. ಸಮಾಜದಲ್ಲಿರುವ ಕೆಡುಕುಗಳು ಧರ್ಮದಿಂದ ಹುಟ್ಟಿದುವಲ್ಲ, ಧರ್ಮವಿದ್ದೂ ಉಳಿದುಕೊಂಡಿರುವಂಥವು, ಇದು ಎಲ್ಲ ದೇಶಗಳ ಪಾಡು ಎಂಬುದು ಅವರ ಉತ್ತರದ ಸಾರ. ಇದನ್ನು ನುಣುಚಿಕೊಳ್ಳುವ ವಾದವೆಂದು ಟೀಕಿಸಬಹುದು. ಆದರೆ ತಮ್ಮ ಸಮಾಜದ ಕೆಡುಕನ್ನು ಊರಿನಲ್ಲಿದ್ದಾಗಲೇ ಖಂಡಿಸಿ, ತಂದೆ ತೀರಿದ ದಿನ ಅದನ್ನು ಮನೆಯ ಹೊಸ್ತಿಲಿನಲ್ಲಿ ತಡೆದವನ ಬಾಯಿಂದ ಬಂದ ಮಾತು ಅದು. ಆ ಹಿನ್ನೆಲೆಯಿಲ್ಲದವರು ಆಡಿದ್ದರೆ ಅದಕ್ಕೆ ಆ ತೂಕ ಬರುತ್ತಿರಲಿಲ್ಲ.

ಸಮ್ಮೇಳನದ ಬಳಿಕ ಎರಡು ವರ್ಷಗಳ ಕಾಲ ಅವರು ಅಮೆರಿಕದಲ್ಲಿ ಉಪನ್ಯಾಸ ಮಾಡಿದರು. ಮುಂದೆ ಮತ್ತೆ ಹೋದರು. ಭಾರತೀಯ ಸ್ತ್ರೀಯರ ಶಿಕ್ಷಣಕ್ಕೆ ನೆರವಾಗಲೆಂದು ಷಿಕಾಗೋದಲ್ಲಿ ಸಂಘವೊಂದನ್ನು ಸ್ಥಾಪಿಸಿದರು. 1896-97ರ ಕ್ಷಾಮದಲ್ಲಿ ಅಮೆರಿಕದಿಂದ ಧಾನ್ಯ ತುಂಬಿದ ಹಡಗನ್ನೂ ಸುಮಾರು 40,000 ರೂಪಾಯಿಗಳನ್ನೂ ಭಾರತಕ್ಕೆ ಕಳುಹಿಸಲು ಕಾರಣರಾದರೆಂದು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಲಂಡನ್ನಿನಲ್ಲಿ ಅವರ ಪಾಠ ಕೇಳಿದ ಹರ್ಬರ್ಟ್ ವಾರನ್ ಆ ಟಿಪ್ಪಣಿಗಳನ್ನು ಆಧರಿಸಿ ಮುಂದೆ ಜೈನಧರ್ಮದ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು.

ತೀರ್ಥ ಕಾಯ್ದವನಿಗೆ ಬಹಿಷ್ಕಾರದ ಮಾತು

ಇಷ್ಟಾದರೂ ತವರಿನಲ್ಲಿ ಅವರಿಗೆ ದೊರೆತದ್ದು ಸನ್ಮಾನವೊಂದೇ ಅಲ್ಲ. ಕಡಲು ದಾಟಿದವನನ್ನು ಸಂಘದಿಂದ ಹೊರಗಿಡಬೇಕೆಂಬ ಕೂಗು ಮುಂಬಯಿಯ ಸಂಪ್ರದಾಯಸ್ಥ ಜೈನರಲ್ಲಿ ಎದ್ದಿತು. ಇದಕ್ಕೆ ವಿಶಿಷ್ಟವಾದ ಸಾಕ್ಷ್ಯವಿರುವುದು ವಿವೇಕಾನಂದರ ಪತ್ರವೊಂದರಲ್ಲಿ. 1894ರ ನವೆಂಬರಿನಲ್ಲಿ ಷಿಕಾಗೋದಿಂದ ಜುನಾಗಢದ ದಿವಾನ ಹರಿದಾಸ ವಿಹಾರಿದಾಸ ದೇಸಾಯಿಯವರಿಗೆ ಬರೆಯುತ್ತ ಸ್ವಾಮಿಗಳು ವೀರಚಂದರನ್ನು ಪ್ರಸ್ತಾಪಿಸುತ್ತಾರೆ. ಆ ಭೀಕರ ಚಳಿಯಲ್ಲಿಯೂ ಶುದ್ಧ ಸಸ್ಯಾಹಾರವನ್ನು ಬಿಡದ, ದೇಶವನ್ನೂ ಧರ್ಮವನ್ನೂ ಪ್ರಾಣಪಣವಾಗಿ ಸಮರ್ಥಿಸುವ, ಅಮೆರಿಕದ ಜನ ಮೆಚ್ಚಿದ ಈ ಮನುಷ್ಯನನ್ನು ಕಳುಹಿಸಿದವರೇ ಈಗ ಜಾತಿಯಿಂದ ಹೊರಹಾಕಲು ಯತ್ನಿಸುತ್ತಿದ್ದಾರೆಂದು ಅವರು ವ್ಯಥೆಪಡುತ್ತಾರೆ. ಒಂದೇ ವೇದಿಕೆಯನ್ನು ಹಂಚಿಕೊಂಡ, ಭಿನ್ನ ದರ್ಶನಗಳ ಇಬ್ಬರು ತರುಣರ ನಡುವೆ ಇದ್ದ ಗೌರವಕ್ಕೆ ಆ ಕೆಲವು ಸಾಲುಗಳು ಸಾಕ್ಷಿ.

ಆತ್ಮಾರಾಮಜಿಯವರು ತಮ್ಮ ಶಿಷ್ಯನನ್ನು ಬಿಟ್ಟುಕೊಡಲಿಲ್ಲ. ಆದರೆ ಪ್ರಶ್ನೆ ಉಳಿಯುತ್ತದೆ. ಯಾತ್ರಿಕನನ್ನು ದಾರಿಯಲ್ಲಿ ತಡೆದು ತಲೆಯೆಣಿಸಬಾರದೆಂದು ದರಬಾರಿನೊಡನೆ ವಾದಿಸಿದವನನ್ನು, ಅವನದೇ ಸಮಾಜ ಬಾಗಿಲಿನಲ್ಲಿ ತಡೆದು ಶುದ್ಧಾಶುದ್ಧಿಯನ್ನು ಎಣಿಸತೊಡಗಿತು. ಪರಾಯಿ ಅಧಿಕಾರದ ಮುಂದೆ ಬಿನ್ನಹವಿಡುವುದಕ್ಕೆ ಧೈರ್ಯ ಬೇಕು. ತನ್ನವರ ಅವಕೃಪೆಯನ್ನು ಸಹಿಸಿಯೂ ಅವರ ಕೆಲಸವನ್ನೇ ಮುಂದುವರಿಸುವುದಕ್ಕೆ ಅದಕ್ಕಿಂತ ಮಿಗಿಲಾದ ಕ್ಷಮಾಗುಣ ಬೇಕು. ವೀರಚಂದರಲ್ಲಿ ಎರಡೂ ಇದ್ದುವು.

ಕನ್ನಡ ನಾಡಿನಲ್ಲಿ ತುರುಗೊಳ್ ಹೋರಾಟದಲ್ಲಿ ಮಡಿದವನಿಗೆ ವೀರಗಲ್ಲಿದೆ, ಸಮಾಧಿವಿಧಿಯಿಂದ ಮುಡಿಪಿದವನಿಗೆ ನಿಸಿಧಿಗಲ್ಲಿದೆ, ದಾನ ಮಾಡಿದವನಿಗೆ ಶಾಸನದ ಪ್ರಶಸ್ತಿಯಿದೆ. ಅರ್ಜಿ ಬರೆದವನಿಗೆ, ಅನುವಾದ ಮಾಡಿದವನಿಗೆ, ಅಧಿಕಾರಿಯ ಹೊರಜಗುಲಿಯಲ್ಲಿ ಕಾದು ಕುಳಿತವನಿಗೆ ಯಾವ ಕಲ್ಲೂ ಇಲ್ಲ. ಅವನ ಕೆಲಸ ಯಶಸ್ವಿಯಾದಷ್ಟೂ ಮರೆಯಾಗುತ್ತದೆ. ಅಡ್ಡಿಯಿಲ್ಲದೆ ಬೆಟ್ಟವೇರಿದ ಯಾತ್ರಿಕನಿಗೆ ಅಡ್ಡಿಯಿತ್ತೆಂಬುದೇ ತಿಳಿಯದು.

1901ರಲ್ಲಿ ವೀರಚಂದರು ಅನಾರೋಗ್ಯದಿಂದ ಮುಂಬಯಿಗೆ ಮರಳಿದರು. ಕೆಲವೇ ವಾರಗಳಲ್ಲಿ, ಆಗಸ್ಟ್ 7ರಂದು, ಮೂವತ್ತೇಳು ತುಂಬುವ ಮುನ್ನವೇ ತೀರಿಕೊಂಡರು. ಪಾಲಿತಾಣಾದ ಒಪ್ಪಂದಕ್ಕೆ ಆಗಿನ್ನೂ ಹದಿನೈದು ವರ್ಷ. ಉಳಿದ ಇಪ್ಪತ್ತೈದು ವರ್ಷಗಳ ಕಾಲವೂ ಆ ಕಾಗದ ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿತು. 1926ರ ಮಾರ್ಚ್ 31ರಂದು ಅವಧಿ ಮುಗಿಯಿತು. ದರಬಾರು ಮತ್ತೆ ಹೆಚ್ಚಿನ ಹಣಕ್ಕೆ ಪಟ್ಟು ಹಿಡಿಯಿತು; ಏಜೆಂಟರು ವರ್ಷಕ್ಕೆ ಒಂದು ಲಕ್ಷ ರೂಪಾಯಿ ಎಂದು ಗೊತ್ತುಮಾಡಿದರು. ಜೈನರು ಏಪ್ರಿಲ್ 1ರಿಂದ ಶತ್ರುಂಜಯದ ಯಾತ್ರೆಯನ್ನೇ ನಿಲ್ಲಿಸಿದರು. ಎರಡು ವರ್ಷಗಳಿಗೂ ಮೀರಿ ಮೆಟ್ಟಿಲುಗಳು ಯಾತ್ರಿಕರಿಲ್ಲದೆ ಬರಿದಾದುವು. 1928ರಲ್ಲಿ ವೈಸರಾಯ್ ಲಾರ್ಡ್ ಅರ್ವಿನ್ನರ ಮಧ್ಯಸ್ಥಿಕೆಯಿಂದ ವರ್ಷಕ್ಕೆ 60,000 ರೂಪಾಯಿಗಳ ಹೊಸ ಒಪ್ಪಂದವಾಗಿ ಯಾತ್ರೆ ಮತ್ತೆ ಆರಂಭವಾಯಿತು. ಮೊತ್ತ ನಾಲ್ಕು ಪಟ್ಟಾಗಿತ್ತು. ಆದರೆ ಅದೂ ಇಡುಗಂಟೇ. ಇಪ್ಪತ್ತೆರಡು ವರ್ಷದ ಕಾರ್ಯದರ್ಶಿಯೊಬ್ಬನು 1886ರಲ್ಲಿ ಬಿಟ್ಟುಕೊಡದಿದ್ದ ಅಂಶವನ್ನು, ಯಾತ್ರಿಕನ ತಲೆಯನ್ನು ಎಣಿಸಬಾರದೆಂಬುದನ್ನು, ಆಗಲೂ ಯಾರೂ ಬಿಟ್ಟುಕೊಡಲಿಲ್ಲ.